ಕಾಳಿಲ್ಲದ ತಿಂಗಳು

ಮಲ್ಲಟದ ಬಾಲವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಗೋಡೆಯ ಗೂಟಗಳಿಗೆ ಇಪ್ಪತ್ತೆರಡು ಬಟ್ಟೆಯ ಗಂಟುಗಳು ತೂಗುತ್ತಿದ್ದವು. ಒಂದೊಂದು ಗಂಟಿನಲ್ಲೂ ಒಂದು ಮುಷ್ಟಿ ನೆನೆದ ಹೆಸರುಕಾಳು. ಮುಂಜಾನೆ ಬಂದ ಕೂಡಲೇ ಮಕ್ಕಳು ತಮ್ಮ ತಮ್ಮ ಗಂಟು ಬಿಚ್ಚಿ ಯಾರ ಕಾಳಿಗೆ ಉದ್ದ ಮೊಳಕೆ ಬಂದಿದೆ ಎಂದು ನೋಡುವುದು, ಜಗಳವಾಡುವುದು, ಆಮೇಲೆ ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿಯುವುದು. ಸಹಾಯಕಿ ಬಂಡೆಮ್ಮ ಆ ಬೋಗುಣಿಯನ್ನು ಆಚಾರ್ಯರ ಮನೆಯ ಬಾಗಿಲಿಗೆ ಮುಟ್ಟಿಸಿದರೆ ಅರ್ಧ ಗಂಟೆಯಲ್ಲಿ ಒಗ್ಗರಣೆ ಹಾಕಿದ ಉಸಳಿಯಾಗಿ ತಿರುಗಿ ಬರುತ್ತಿತ್ತು. ಜೊತೆಗೆ ತಲೆಗೊಂದು ಶೇಂಗಾ ಉಂಡಿ.

ಗಂಟಿನ ಉಪಾಯ ಬಾಲವಾಡಿಯ ಶಿಕ್ಷಕಿ ಅನಸೂಯಾಬಾಯಿಯದು. ಬಾಲವಾಡಿ ಶುರುವಾದ 1977ರಲ್ಲಿ ಮಕ್ಕಳು ಮೊಳಕೆ ಕಾಳನ್ನು ಕಂಡು ಹಿಂದೆ ಸರಿದಿದ್ದವು.

"ಬಾಯಾರ, ಕಾಳಿಗೆ ಬಾಲ ಬಂದಾವ್ರಿ!"

"ಹುಳ ಅದಾವ. ನಾ ಒಲ್ಲೆ."

"ಹುಳ ಆಗಿದ್ರ ಮೊದಲು ನಾನೇ ಓಡಿ ಹೋಗ್ತಿದ್ದೆ, ಸುಮ್ಮನ ತಿನ್ರಲೇ," ಎಂದು ಬಂಡೆಮ್ಮ ಗದರಿಸಿದರೂ ಗಂಗಾಳಗಳು ಹಾಗೇ ಉಳಿದಿದ್ದವು. ಒಂದು ವಾರ ನೋಡಿದ ಅನಸೂಯಾಬಾಯಿ ಹಳೆಯ ಧೋತರ ಹರಿದು ಚೌಕಗಳನ್ನು ಮಾಡಿ, ಪ್ರತಿ ಮಗುವಿನ ಕೈಯಿಂದಲೇ ಕಾಳು ಕಟ್ಟಿಸಿದಳು. ತಾವೇ ಕಟ್ಟಿದ ಕಾಳನ್ನು ಮಕ್ಕಳು ಬೇಡವೆನ್ನಲಿಲ್ಲ.

ಅವಳು ರಾಯಚೂರಿನಲ್ಲಿ ಹುಟ್ಟಿದವಳು. ತಂದೆ ಶಾಲೆಯ ಮಾಸ್ತರರು. ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದವಳನ್ನು ಹತ್ತೊಂಬತ್ತಕ್ಕೆ ಮಲ್ಲಟದ ಹನುಮಪ್ಪನ ಗುಡಿಯ ಪೂಜೆಯ ಆಚಾರ್ಯರ ಮನೆತನಕ್ಕೆ ಕೊಟ್ಟರು. ಗಂಡ ಪ್ರಾಣೇಶ ಹೆಚ್ಚು ಮಾತಿನವನಲ್ಲ. ಗುಡಿ, ಸಂಧ್ಯಾವಂದನೆ, ತುಸು ಹೊಲ. ಮನೆ ನಡೆಯುತ್ತಿದ್ದುದು ಅತ್ತೆ ಭಾಗೀರಥಿಬಾಯಿಯ ಕಣ್ಸನ್ನೆಯಲ್ಲಿ. ಬಾಲವಾಡಿಗೆ ಓದಿದ ಹೆಣ್ಣುಮಗಳು ಬೇಕೆಂದು ತಾಲೂಕು ಕಚೇರಿಯವರು ಕೇಳಿಕೊಂಡು ಬಂದಾಗ, "ಹೋಗಿ ಕಲತು ಬರಲಿ, ಮಕ್ಕಳಿಗೆ ಉಣಿಸೂ ಕೆಲಸ ಅದು," ಎಂದು ಒಪ್ಪಿಗೆ ಕೊಟ್ಟವಳೂ ಅತ್ತೆಯೇ. ರಾಯಚೂರಿನ ಸ್ಟೇಷನ್ನಿನ ಹತ್ತಿರದ ಒಂದು ಬಾಡಿಗೆ ಕಟ್ಟಡದಲ್ಲಿ ಮೂರು ತಿಂಗಳ ತರಬೇತಿ. ಅಲ್ಲಿ ಅವಳು ಪ್ರೋಟೀನು ಎಂಬ ಮಾತು ಕಲಿತಳು. ಊರಿಗೆ ಬಂದು ತಾಯಂದಿರಿಗೆ ಅದನ್ನು ಮೈ ಕಟ್ಟುವ ಅಂಶ ಎಂದು ತಿಳಿಸಿದಳು. ಹೆಸರು, ಕಡಲೆ, ಶೇಂಗಾ, ಹಾಲು. ಹೊಲಕ್ಕೆ ಹೋಗುವ ಅವಸರದಲ್ಲಿ ಬರೀ ಅಂಬಲಿ ಕುಡಿಸಿ ಕಳಿಸಬೇಡಿ, ಮುಂಜಾನೆಯ ಹೊಟ್ಟೆಗೆ ಕಾಳು ಬೀಳಲಿ ಎಂದು ಓಣಿ ಓಣಿ ತಿರುಗಿದಳು.

ಬಾಲವಾಡಿಯೆಂದರೆ ಚಾವಡಿಯ ಪಕ್ಕದ ಒಂದು ಕೋಣೆ. ಒಲೆ ಹೂಡಲು ಜಾಗವಿರಲಿಲ್ಲ. ಆದ್ದರಿಂದ ಅಡುಗೆ ಆಚಾರ್ಯರ ಮನೆಯಲ್ಲಿ. ಇದು ಅನುಕೂಲವೇ ಆಯಿತು. ಆಚಾರ್ಯರ ಮನೆಯ ಅಡುಗೆ ಎಂದ ಮೇಲೆ ಗೌಡರ ಓಣಿಯ ಮಕ್ಕಳೂ ಬಂದವು, ಕುರುಬರ ಓಣಿಯ ಮಕ್ಕಳೂ ಬಂದವು, ಒಂದೇ ಸಾಲಿನಲ್ಲಿ ಕುಳಿತು ತಿಂದವು. ನೋಡಲು ಬಂದ ತಾಲೂಕಿನವರು ಅನಸೂಯಾಬಾಯಿಯನ್ನು ಹೊಗಳಿದರು. ಆ ಹೊಗಳಿಕೆಯನ್ನು ಅವಳು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು.

1979ರ ಫೆಬ್ರುವರಿಯಲ್ಲಿ ಕುರುಬರ ಕರೆಮ್ಮ ತನ್ನ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಹೆಸರು ಯಮನಮ್ಮ, ಮನೆಯಲ್ಲಿ ಯಮ್ನಿ. ಮೂರು ವರ್ಷದ ಹುಡುಗಿ, ಎಂಟೂವರೆ ಕಿಲೋ. ತೋಳು ಹಿಡಿದರೆ ಎರಡು ಬೆರಳ ನಡುವೆ ನಿಲ್ಲುತ್ತಿತ್ತು.

"ಏನೂ ತಿನ್ನಂಗಿಲ್ರಿ ಬಾಯಾರ. ಬಾಯಾಗ ಇಟ್ರ ಉಗುಳ್ತಾಳ. ಥೇಟ್ ಅವರಪ್ಪನ ಹಟ."

ಹೊರಗೆ ಕಂಬಳಿ ಹೊದ್ದು ನಿಂತಿದ್ದ ಸಾಬಣ್ಣ ಅಲ್ಲಿಂದಲೇ ಕೂಗಿದ: "ನನ್ ಹಟ ಏನಿಲ್ರಿ, ಇಕಿ ಅಡಗಿ ಹಂಗ ಅದ!"

ಯಮ್ನಿ ಮೊದಲ ಹದಿನೈದು ದಿನ ಯಾವುದನ್ನೂ ಮುಟ್ಟಲಿಲ್ಲ. ಹದಿನಾರನೆಯ ದಿನ ಪಕ್ಕದವಳ ಶೇಂಗಾ ಉಂಡಿಯನ್ನು ಕಸಿದು ತಿಂದಳು. ಅಲ್ಲಿಂದ ದಾರಿ ಸಿಕ್ಕಿತು. ಉಂಡಿ ಬೇಕಾದರೆ ಮೊದಲು ಒಂದು ತುತ್ತು ಉಸಳಿ, ಆಮೇಲೆ ಎರಡು, ಆಮೇಲೆ ಗಂಗಾಳ ತುಂಬ. ಸಿಹಿ ಗಂಜಿ, ಸಜ್ಜಕ ಮಾತ್ರ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪ್ರತಿ ತಿಂಗಳು ಮಾನ್ವಿಯಿಂದ ತೂಕದ ತಕ್ಕಡಿ ಹೊತ್ತು ಬರುತ್ತಿದ್ದ ನರ್ಸಮ್ಮ ನೂರ್ ಬೀ ಸೆಪ್ಟೆಂಬರಿನಲ್ಲಿ ಅವಳನ್ನು ತೂಗಿ, "ಹತ್ತೂ ಮುಕ್ಕಾಲು! ಏನ್ ಮಾಟ ಮಾಡೀರಿ ಬಾಯಿ?" ಎಂದಳು.

ಮಹಾನವಮಿಯ ಹೊತ್ತಿಗೆ ಸಾಬಣ್ಣನ ಕುರಿಹಿಂಡು ಹೊರಡುವುದು ವಾಡಿಕೆ. ದೇವದುರ್ಗದ ಕಡೆ, ಗಬ್ಬೂರಿನ ಸುತ್ತಿನ ಹೊಲಗಳಲ್ಲಿ ಕುರಿ ನಿಲ್ಲಿಸಿ, ಮಳೆಗಾಲ ಶುರುವಾಗುವ ಹೊತ್ತಿಗೆ ತಿರುಗಿ ಬರುವುದು. ಕರೆಮ್ಮ ಜೊತೆಗೆ ಹೋಗಲೇಬೇಕು. ಮಗಳನ್ನು ಏನು ಮಾಡುವುದು ಎಂದು ಕೇಳಲು ಗಂಡ ಹೆಂಡತಿ ಇಬ್ಬರೂ ಬಂದರು.

"ನಮ್ ಜೋಡಿ ಬಂದ್ರ ಕುರಿ ಹಾಲು ಕುಡಿತದ ಕೂಸು," ಎಂದ ಸಾಬಣ್ಣ.

"ದಿನಾ ಒಂದು ಹೊಲ, ದಿನಾ ಒಂದು ನೀರು. ಎಲ್ಲಿ ಮಲಗಿಸ್ತೀರಿ?" ಎಂದಳು ಅನಸೂಯಾಬಾಯಿ. "ಎಂಟು ತಿಂಗಳಿಗೆ ಎರಡು ಕಿಲೋ ಏರ್ಯಾಳ. ಅಜ್ಜಿ ಕಡೆ ಬಿಟ್ಟು ಹೋಗು ಕರೆಮ್ಮಾ. ಮುಂಜಾನಿ ತಿಂಡಿ ನನ್ನ ಹೊಣಿ. ನೀ ಬರೂದ್ರಾಗ ಇನ್ನೆರಡು ಕಿಲೋ ಏರಿಸಿ ನಿನ್ನ ಕೈಯಾಗ ಕೊಡ್ತೀನಿ."

ಕರೆಮ್ಮ ಗಂಡನ ಮುಖ ನೋಡಿದಳು. ಆಮೇಲೆ, "ನಿಮ್ ಮಾತಿನ ಮ್ಯಾಗ ಬಿಟ್ಟು ಹೊಂಟೀನ್ರಿ," ಎಂದಳು.

ವಿಜಯದಶಮಿಯ ಮರುದಿನ ಏಕಾದಶಿ. ಅಂದು ಕುರಿಗಳು ಊರು ಬಿಟ್ಟವು. ಅಂದೇ ಭಾಗೀರಥಿಬಾಯಿ ಅಡುಗೆಮನೆಯಿಂದ ಬೇಳೆಯ ಡಬ್ಬಿಗಳನ್ನು, ಕಾಳಿನ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಹೊರಗಿನ ಪಡಸಾಲೆಯಲ್ಲಿ ಇಟ್ಟಳು. ಚಾತುರ್ಮಾಸದ ನಾಲ್ಕನೆಯ ತಿಂಗಳು, ದ್ವಿದಳ ವ್ರತ. ಒಡೆದರೆ ಎರಡಾಗುವ ಯಾವ ಕಾಳೂ ಒಂದು ತಿಂಗಳು ಆ ಮನೆಯ ಒಲೆ ಏರುವಂತಿರಲಿಲ್ಲ. ತೊಗರಿ ಇಲ್ಲ, ಹೆಸರು ಇಲ್ಲ, ಕಡಲೆ ಇಲ್ಲ, ಶೇಂಗಾ ಇಲ್ಲ. ಅನಸೂಯಾಬಾಯಿ ಬಾಲವಾಡಿಯ ಚೀಲಗಳಿಗೂ ಬಾಯಿ ಕಟ್ಟಿ ಪಡಸಾಲೆಯ ಮೂಲೆಗೆ ಸರಿಸಿದಳು.

ಹಿಂದಿನ ಎರಡು ವರ್ಷವೂ ಹೀಗೇ ಆಗಿತ್ತು. ಆ ತಿಂಗಳು ಅನಸೂಯಾಬಾಯಿ ಗೋಡೆಯ ಗಂಟುಗಳನ್ನು ಬಿಚ್ಚಿಡುತ್ತಿದ್ದಳು. ಗೋಧಿ ರವೆ, ಬೆಲ್ಲ ಹಾಕಿ ಸಜ್ಜಕ ಮಾಡಿ ಕಳಿಸುತ್ತಿದ್ದಳು. ಸಿಹಿ ಎಂದು ಮಕ್ಕಳು ಕುಣಿದಿದ್ದವು, ಯಾರೂ ಏನೂ ಕೇಳಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಕೂಸಿದ್ದರೆ ಈ ತಿಂಗಳು ಅದಕ್ಕೆ ಏನು ಉಣಿಸುತ್ತಿದ್ದರು ಎಂಬ ಪ್ರಶ್ನೆ ಎದ್ದೇ ಇರಲಿಲ್ಲ.

ಈ ಸಲ ಮಾತ್ರ ಕಟ್ಟಿದ ಚೀಲಗಳನ್ನು ನೋಡಿದಾಗ ಕರೆಮ್ಮನಿಗೆ ಕೊಟ್ಟ ಮಾತು ನೆನಪಾಯಿತು. ನೆನಪಾಗಿ, ಒಂದು ತಿಂಗಳು ತಾನೇ, ಎಂದುಕೊಂಡಳು.

ಬಂಡೆಮ್ಮ ಮೂರನೆಯ ದಿನ ಬಾಯಿ ಬಿಟ್ಟಳು. "ಬಾಯಾರ, ಆ ಚೀಲ ನಮ್ಮನಿಗಿ ಒಯ್ಯಲೇನ್ರಿ? ನಾನೇ ನೆನಸಿ, ನಾನೇ ಕುದಿಸಿ ತರ್ತೀನಿ. ನೀವು ಕೈ ಹಚ್ಚೂದು ಬ್ಯಾಡ. ಯಮ್ನಿ ಸಜ್ಜಕ ಮುಟ್ಟವಲ್ಲಳು."

"ನಿಮ್ಮ ಮನ್ಯಾಗ ಕುದಿಸಿದ್ರ ಗೌಡರ ಓಣಿಯವ್ರು ಮಕ್ಕಳನ್ನ ಕಳಿಸೂದಿಲ್ಲ ಬಂಡೆಮ್ಮ. ಕಷ್ಟಪಟ್ಟು ಕೂಡಿಸಿದ್ದು ಮುರದು ಹೋಗ್ತದ."

"ಐದು ಹುಡುಗ್ರು ಬರೂದಿಲ್ಲ. ಹದಿನೇಳು ತಿಂತಾವಲ್ರಿ?"

"ಒಂದು ತಿಂಗಳು. ಏನಾಗ್ತದ?"

ಅನಸೂಯಾಬಾಯಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಂಡೆಮ್ಮನ ಮನೆಯ ನೀರನ್ನು ಗೌಡರ ಓಣಿ ಕುಡಿಯುತ್ತಿರಲಿಲ್ಲ. ಆದರೆ ಅದರ ಕೆಳಗೆ ಇನ್ನೊಂದು ಮಾತಿತ್ತು. ಬಂಡೆಮ್ಮನ ಒಲೆಯ ಮೇಲೆ ಉಸಳಿಯಾಗಬಹುದು ಎಂದಾದರೆ, ಬಾಲವಾಡಿ ಆಚಾರ್ಯರ ಮನೆಯಿಂದ ನಡೆಯುತ್ತಿದೆ ಎಂದು ಯಾರು ಹೇಳುತ್ತಾರೆ? ತಾಲೂಕಿನವರು ಯಾರನ್ನು ಹೊಗಳುತ್ತಾರೆ? ಈ ಮಾತನ್ನು ಅವಳು ಆಗ ತನಗೇ ಕೇಳಿಸಿಕೊಳ್ಳಲಿಲ್ಲ.

ಯಮ್ನಿ ದಿನವೂ ಗಂಗಾಳದ ಮುಂದೆ ಕುಳಿತು, ಸಜ್ಜಕವನ್ನು ಬೆರಳಿನಿಂದ ಕಲಸಿ, ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಅಜ್ಜಿ ಕೊಡುವ ನುಚ್ಚು, ಮಜ್ಜಿಗೆ ಅಷ್ಟೇ. ದೀಪಾವಳಿಯ ಹೊತ್ತಿಗೆ ಹೊಟ್ಟೆ ಕೆಟ್ಟು ನಾಲ್ಕು ದಿನ ಬರಲಿಲ್ಲ. ಹಬ್ಬ ಮುಗಿದ ಮೇಲೆ ನೂರ್ ಬೀ ತಕ್ಕಡಿ ಹೊತ್ತು ಬಂದಳು. ಏಳೆಂಟು ತಾಯಂದಿರು, ಅಜ್ಜಿಯರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ತೂಗುಬಟ್ಟೆಯಲ್ಲಿ ಯಮ್ನಿಯನ್ನು ಕೂರಿಸಿ ಬಿಟ್ಟಾಗ ಮುಳ್ಳು ಒಂಬತ್ತೂವರೆಗೆ ನಿಂತಿತು.

ನೂರ್ ಬೀ ಮುಳ್ಳನ್ನು ಬೆರಳಿನಿಂದ ತಟ್ಟಿ ಮತ್ತೆ ನೋಡಿದಳು. "ಯಾ ಅಲ್ಲಾ! ಒಂದೂಕಾಲು ಕಿಲೋ ಇಳದಾಳ. ಏನ್ ಕೊಡಾಕತ್ತೀರಿ ಬಾಯಿ ಇಕಿಗಿ?"

"ದಿನಾ ಕೊಡೂದೇ," ಎಂದಳು ಅನಸೂಯಾಬಾಯಿ. "ಹೆಸರಿನ ಉಸಳಿ. ಶೇಂಗಾ ಉಂಡಿ."

ಮಾತು ತಾನಾಗಿ ಹೊರಟುಬಿಟ್ಟಿತ್ತು. ಬಾಗಿಲಲ್ಲಿ ನಿಂತಿದ್ದ ಬಂಡೆಮ್ಮ ಅವಳನ್ನು ನೋಡಿದಳು. ಕೆಳಗೆ ಕುಳಿತಿದ್ದ ಒಂದು ಮಗು ತಲೆಯೆತ್ತಿ, "ಇವತ್ತು ಉಂಡಿ ಕೊಡ್ತೀರೇನ್ರಿ ಬಾಯಾರ?" ಎಂದಿತು. ನೂರ್ ಬೀಗೆ ಅದು ಕೇಳಿಸಲಿಲ್ಲ. ಅವಳು ಯಮ್ನಿಯ ಅಜ್ಜಿಯ ಕಡೆ ತಿರುಗಿದ್ದಳು.

"ಇಲ್ಲಿ ಇಷ್ಟು ತಿಂದೂ ಮೈಗೆ ಹತ್ತವಲ್ದು ಅಂದ್ರ ಮನ್ಯಾಗ ಏನೋ ಕೆಟ್ಟದ. ಏನ್ ಹಾಕ್ತಿಬೇ ಮುದುಕಿ ಕೂಸಿಗಿ? ಹಳಸಿದ್ದು ಕೊಡ್ತಿ ಏನು? ನೀರು ಎಲ್ಲೀದು?"

"ಇದ್ದದ್ದು ಕೊಡ್ತೀನ್ರಿ… ನುಚ್ಚು, ಮಜ್ಜಿಗಿ…" ಮುದುಕಿ ಸುತ್ತಲಿನವರ ಮುಖ ನೋಡಿದಳು. "ನನಗ ಕಣ್ಣು ಸರಿ ಕಾಣಂಗಿಲ್ರಿ. ನಂದೇ ತಪ್ಪಿರಬೇಕು."

"ಅವರವ್ವ ಬಂದು ಕೇಳಿದ್ರ ಏನ್ ಹೇಳ್ತಿ?"

ನೂರ್ ಬೀ ಮಗುವಿನ ಕಾರ್ಡಿನ ಮೇಲೆ 'ಮನೆಯಲ್ಲಿ ಆರೈಕೆ ಸಾಲದು' ಎಂದು ಬರೆದಳು. ಅನಸೂಯಾಬಾಯಿ ಮುಂದಿನ ಮಗುವಿನ ಅಂಗಿ ಬಿಚ್ಚುತ್ತಿದ್ದಳು. ಒಂದು ಗುಂಡಿ ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಎಲ್ಲರೂ ಹೋದ ಮೇಲೆ ಬಂಡೆಮ್ಮ ಕಸಬರಿಗೆ ಹಿಡಿದು, ನೆಲ ನೋಡುತ್ತಲೇ ಹೇಳಿದಳು: "ಮುದುಕಿ ಅತ್ಕೋಂತ ಹೋದಳ್ರಿ."

ಅಂದು ಸಂಜೆ ಅನಸೂಯಾಬಾಯಿ ಅತ್ತೆಯ ಮುಂದೆ ಹೋಗಿ ನಿಂತಳು. ಭಾಗೀರಥಿಬಾಯಿ ಹೂಬತ್ತಿ ಹೊಸೆಯುತ್ತಿದ್ದಳು.

"ಅತ್ಯಾ, ಬಾಲವಾಡಿ ಮಕ್ಕಳಿಗೆ ಕಾಳು ಕುದಿಸ್ಲಿಕ್ಕೆ ನೀವು ಒಪ್ಪಿಗಿ ಕೊಡಬೇಕು. ಒಂದು ಕೂಸು ಭಾಳ ಇಳದದ."

ಭಾಗೀರಥಿಬಾಯಿಯ ಕೈ ನಿಂತಿತು. "ಅಂದ್ರ ಇಷ್ಟು ದಿನ ಕಾಳು ಕೊಟ್ಟಿಲ್ಲೇನು?"

"ವ್ರತ ಇತ್ತಲ್ಲ ಅತ್ಯಾ…"

"ವ್ರತ ನನಗ, ನಿನಗ. ಕೂಸುಗಳಿಗೆ ಎಲ್ಲಿ ವ್ರತ? ಸಿಹಿಗೆ ಅಂತ ನೀ ಸಜ್ಜಕ ಕಳಸ್ತಿ, ಕಾಳು ಬಂಡೆಮ್ಮ ಕುದಸ್ತಾಳ ಅಂದ್ಕೊಂಡಿದ್ದೆ ನಾನು. ಪ್ರಾಣೇಶ ಸಣ್ಣಾಂವ ಇದ್ದಾಗ ಇದೇ ತಿಂಗಳದಾಗ ಹಿತ್ತಲದಾಗ ಮೂರು ಕಲ್ಲು ಹೂಡಿ ಹೆಸರುಬ್ಯಾಳಿ ಕುದಿಸಿ ಉಣಿಸೀನಿ. ನನ್ನ ಒಲಿ ಮ್ಯಾಲ ಬ್ಯಾಡ ಅಂದೆ. ಅವರ ಹೊಟ್ಟಿಗೆ ಬ್ಯಾಡ ಅಂದೆನೇನು?"

ಅನಸೂಯಾಬಾಯಿ ಪಡಸಾಲೆಯ ಚೀಲಗಳ ಕಡೆ ನೋಡಿದಳು.

"ನನ್ನ ಕೇಳಬಾರದಾಗಿತ್ತೇನು? ಮೂರು ವರ್ಷ!" ಎಂದ ಭಾಗೀರಥಿಬಾಯಿ ಬತ್ತಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದಳು. ಅತ್ತೆಯ ಮಡಿಗೆ ಹೆದರಿ ಹೀಗಾಯಿತು ಎಂದು ಹೇಳಿಕೊಳ್ಳುವ ಆಸೆಯೊಂದು ಅನಸೂಯಾಬಾಯಿಗೆ ಅದುವರೆಗೆ ಇತ್ತು. ಅದೂ ಹೋಯಿತು.

ಮರುದಿನ ಬೆಳಿಗ್ಗೆ ಅವಳು ಬಂಡೆಮ್ಮನಿಗೆ ಪಡಸಾಲೆಯ ಚೀಲಗಳನ್ನು ತೋರಿಸಿ, "ಒಯ್ಯವ್ವ, ಇವತ್ತಿನಿಂದ ನಿನ್ನ ಒಲಿ," ಎಂದಳು. ಬಂಡೆಮ್ಮ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡಳು. ಅಲ್ಲಿಂದ ಅನಸೂಯಾಬಾಯಿ ನೇರ ಕುರುಬರ ಓಣಿಗೆ ಹೋದಳು. ಯಮ್ನಿಯ ಅಜ್ಜಿ ಅವಳನ್ನು ಕಂಡು ಗಡಬಡಿಸಿ ಎದ್ದು, "ನಾ ನೀರು ಕಾಸೇ ಕುಡಿಸ್ತೀನ್ರಿ ಈಗ," ಎಂದಳು.

"ತಪ್ಪು ನಿಂದಲ್ಲಬೇ, ನಂದು. ಇಪ್ಪತ್ತು ದಿನದಿಂದ ನಾವು ಕಾಳೂ ಕೊಟ್ಟಿಲ್ಲ, ಉಂಡೀನೂ ಕೊಟ್ಟಿಲ್ಲ. ನಿನ್ನೆ ನಾ ಸುಳ್ಳು ಹೇಳಿದೆ."

ಮುದುಕಿ ಮತ್ತೆ ಕುಳಿತಳು.

"ನಿನ್ನೆ ಅಷ್ಟು ಮಂದಿ ಮುಂದ ಹೇಳಬೇಕಿತ್ತಲ್ರಿ ಬಾಯಾರ," ಎಂದಳು. "ಈಗ ಇಲ್ಲಿ ಯಾರದಾರ ಕೇಳಾಕ?"

"ಇಕಿಗೆ ಇವತ್ತಿನಿಂದ ಸರಿಯಾಗಿ ಉಣಿಸ್ತೀವಿ."

"ನಾ ಒಲ್ಲೆವ್ವ. ನಾಳಿ ಏನಾರ ಆದ್ರ ಮತ್ತ ನನ್ ಹೆಸರೇ ಬರತದ. ನೀವೇ ಬಿಟ್ಟು ಹೋಗು ಅಂದ್ರಿ, ನೀವೇ ಒಯ್ದು ಅವರವ್ವನ ಕೈಯಾಗ ಕೊಡ್ರಿ."

ಪ್ರಾಣೇಶ ಗಬ್ಬೂರಿಗೆ ತಾನೂ ಬರುತ್ತೇನೆಂದ. ಬೇಡವೆಂದಳು. ಎರಡು ದಿನ ಬಂಡೆಮ್ಮನ ಕೈಯಿಂದ ಹೆಸರಿನ ಕಟ್ಟು ಕುಡಿಸಿ, ಮಗು ಚೇತರಿಸಿಕೊಂಡ ಮೇಲೆ, ಅನಸೂಯಾಬಾಯಿ ಯಮ್ನಿಯನ್ನು ಎತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದಳು. ರಾಯಚೂರಿನಲ್ಲಿ ಇಳಿದು ದೇವದುರ್ಗದ ಬಸ್ಸು ಹಿಡಿದಳು. ತವರು ಅಲ್ಲೇ ಇದ್ದರೂ ಹೋಗಲಿಲ್ಲ. ಹೋದರೆ ತಂದೆ ಕೇಳುತ್ತಿದ್ದರು, ಹೇಳಬೇಕಾಗುತ್ತಿತ್ತು. ಮಗು ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ಮಲಗಿತ್ತು. ಎತ್ತಿದಾಗ ಎಷ್ಟು ಹಗುರ ಎಂಬುದು ಪ್ರತಿ ಸಲವೂ ಅವಳ ಕೈಗೆ ಗೊತ್ತಾಗುತ್ತಿತ್ತು.

ಗಬ್ಬೂರಿನಲ್ಲಿ ಇಳಿದು ಕೇಳಿದಾಗ, ಮಲ್ಲಟದವರ ಕುರಿ ಊರಾಚೆ ಕೊಯ್ದ ಸಜ್ಜೆಯ ಹೊಲದಲ್ಲಿವೆ ಎಂದರು. ಅರ್ಧ ಹರದಾರಿ ನಡೆದಳು. ದೂರದಿಂದಲೇ ಕಂಡ ಕರೆಮ್ಮ ಓಡಿ ಬಂದು, ಏನು ಎತ್ತ ಎಂದು ಕೇಳುವ ಮೊದಲು ಮಗಳನ್ನು ಕಸಿದುಕೊಂಡು ಸೊಂಟದ ಮೇಲೆ ಕೂರಿಸಿಕೊಂಡಳು. ಕೂರಿಸಿಕೊಂಡವಳು ಅಲ್ಲೇ ನಿಂತಳು. ಅವಳಿಗೆ ತಕ್ಕಡಿ ಬೇಕಾಗಲಿಲ್ಲ.

"ಏನಾತ್ರಿ ಇಕಿಗಿ?"

ಅನಸೂಯಾಬಾಯಿ ಹೇಳಿದಳು. ವ್ರತದ ಸಂಗತಿ, ಸಜ್ಜಕದ ಸಂಗತಿ, ನೂರ್ ಬೀಯ ಮುಂದೆ ಆಡಿದ ಸುಳ್ಳು, ಅಜ್ಜಿಯ ಮೇಲೆ ಬಂದ ಮಾತು. ಬಂಡೆಮ್ಮ ಕುದಿಸಿ ತರುತ್ತೇನೆಂದದ್ದನ್ನೂ, ತಾನು ಬೇಡವೆಂದದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಲು ಬಹಳ ಹೊತ್ತೇನೂ ಹಿಡಿಯಲಿಲ್ಲ.

"ನಿಮಗ ವ್ರತ ಇತ್ತು. ಅಕಿಗೇನಿತ್ರಿ?" ಎಂದಳು ಕರೆಮ್ಮ.

"ಏನೂ ಇರಲಿಲ್ಲ."

"ಬಂಡೆಮ್ಮ ಉಣಿಸಿದ್ರ ಬಾಲವಾಡಿ ನಿಮ್ದಂತ ಯಾರೂ ಅಂತಿರಲಿಲ್ಲ. ಅಷ್ಟೇ ಹೌದಲ್ರಿ?"

"ಹೌದು."

ಕರೆಮ್ಮ ಕೂಗಾಡಲಿಲ್ಲ. ಕೂಗಾಡುತ್ತಾಳೆ, ತಾನು ಕೇಳಿಸಿಕೊಂಡು ನಿಲ್ಲಬೇಕು ಎಂದು ಅನಸೂಯಾಬಾಯಿ ಬಸ್ಸಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಕರೆಮ್ಮ ಕುಂದ್ರಿ ಎನ್ನಲಿಲ್ಲ, ನೀರು ಬೇಕೇನ್ರಿ ಎಂದೂ ಕೇಳಲಿಲ್ಲ. ಆ ಸೀಮೆಯಲ್ಲಿ ದಾರಿಹೋಕರಿಗೂ ಆ ಎರಡು ಮಾತು ತಪ್ಪುವುದಿಲ್ಲ. ಸಾಬಣ್ಣ ಒಂದು ಕುರಿಯನ್ನು ಹಿಡಿದು ತಂಬಿಗೆಗೆ ಹಾಲು ಕರೆದು, ಕಾಯಿಸಿ ತಂದು ಹೆಂಡತಿಯ ಕೈಗೆ ಕೊಟ್ಟ. ಯಮ್ನಿ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಮುಖ ಅದರೊಳಗೆ ಹುದುಗಿಸಿ ಕುಡಿದಳು. ಎಲ್ಲರೂ ಅದನ್ನೇ ನೋಡುತ್ತ ನಿಂತರು.

"ಬಸ್ಸಿಗೆ ಹೊತ್ತಾಗತದ್ರಿ," ಎಂದ ಸಾಬಣ್ಣ ಕೊನೆಗೆ, ಅವಳ ಕಡೆ ನೋಡದೆ.

ಮುಂದಿನ ತಿಂಗಳು ನೂರ್ ಬೀ ಬಂದಾಗ ತಾಯಂದಿರೆಲ್ಲ ಸೇರಿದ್ದರು. ಯಮ್ನಿಯ ಅಜ್ಜಿಯನ್ನು ಬಂಡೆಮ್ಮ ಮನೆಯಿಂದ ಕರೆತಂದಿದ್ದಳು. ತಕ್ಕಡಿ ತೂಗುಹಾಕುವ ಮೊದಲೇ ಅನಸೂಯಾಬಾಯಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಗೌಡರ ಓಣಿಯ ಒಬ್ಬ ಹೆಂಗಸು ನಕ್ಕಳು, ಮಿಕ್ಕವರು ನಗಲಿಲ್ಲ. ನೂರ್ ಬೀ ಬಾಲವಾಡಿಯ ಕಾರ್ಡುಗಳ ಕಟ್ಟಿನಿಂದ ಯಮ್ನಿಯದನ್ನು ತೆಗೆದು, ಬರೆದ ಸಾಲನ್ನು ಹೊಡೆದುಹಾಕಿದಳು.

"ಇದರ ಜಾಗಾದಾಗ ಏನ್ ಬರೀಲಿ ಬಾಯಿ?"

"ಬಾಲವಾಡಿಯೊಳಗ ಇಪ್ಪತ್ತು ದಿನ ಕಾಳು ಕೊಟ್ಟಿಲ್ಲ ಅಂತ ಬರೀರಿ."

ನೂರ್ ಬೀ ಹಾಗೇ ಬರೆದು, ಮುದುಕಿಯ ಹತ್ತಿರ ಹೋಗಿ, "ಮಾಫ್ ಮಾಡವ್ವ," ಎಂದಳು. ಅನಸೂಯಾಬಾಯಿಗೆ ಆ ಮಾತು ಹೊಳೆದೇ ಇರಲಿಲ್ಲ. ಮುದುಕಿಗೆ ತಪ್ಪು ಯಾರದೆಂದು ಹೇಳಿದ್ದಳು, ಅಷ್ಟೇ.

ವ್ರತ ಮುಗಿದ ಮೇಲೂ ಚೀಲಗಳು ಬಂಡೆಮ್ಮನ ಮನೆಯಲ್ಲೇ ಉಳಿದವು. ಗೌಡರ ಓಣಿಯ ಐದು ಮಕ್ಕಳು ಬರುವುದು ಬಿಟ್ಟಿದ್ದವು. ಸಂಕ್ರಾಂತಿಯ ಹೊತ್ತಿಗೆ ಮೂರು ತಿರುಗಿ ಬಂದವು, ಎರಡು ಬರಲೇ ಇಲ್ಲ. ತಾಲೂಕಿನವರು ಬಂದಾಗ ಉಸಳಿ ಯಾರ ಕೈಯದು ಎಂದು ಕೇಳಿದರೆ ಅನಸೂಯಾಬಾಯಿ ಬಂಡೆಮ್ಮನನ್ನು ತೋರಿಸುತ್ತಿದ್ದಳು. ತೋರಿಸುವಾಗ ಪ್ರತಿ ಸಲವೂ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಹಾಗೆ ಚುಚ್ಚುವುದೇ ಅವಳಿಗೆ ಇನ್ನಷ್ಟು ನಾಚಿಕೆಯ ಸಂಗತಿಯಾಗಿತ್ತು.

1980ರ ಜೂನಿನಲ್ಲಿ ಕುರಿಗಳು ಊರಿಗೆ ಬಂದವು. ಯಮ್ನಿ ಹನ್ನೆರಡು ಕಿಲೋ ದಾಟಿದ್ದಳು. ಕರೆಮ್ಮ ಮಗಳನ್ನು ಬಾಲವಾಡಿಗೆ ಕರೆತಂದು ಸಾಲಿನಲ್ಲಿ ಕೂರಿಸಿ, ತಾನು ಹೊಸ್ತಿಲ ಹೊರಗೆ ಕುಳಿತಳು. ಗಂಗಾಳ ಖಾಲಿಯಾಗುವುದನ್ನು ಕಣ್ಣಾರೆ ನೋಡಿ ಎದ್ದು ಹೊಲಕ್ಕೆ ಹೋದಳು. ಮರುದಿನವೂ ಹಾಗೇ. ಮಳೆಗಾಲ ಪೂರ್ತಿ, ಕಳೆ ತೆಗೆಯಲು ಹೊತ್ತಾಗುತ್ತದೆ ಎಂದು ಹೊಲದವರು ಬೈದರೂ, ಅವಳು ಹೊಸ್ತಿಲಲ್ಲಿ ಕುಳಿತೇ ಕುಳಿತಳು. ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳುವ ಬಾಯಿ ಅನಸೂಯಾಬಾಯಿಗೆ ಇರಲಿಲ್ಲ. ಉಂಡಿ ಹಂಚುವಾಗ ಹೊಸ್ತಿಲ ಕಡೆ ನೋಡದೆ ಹಂಚುವುದನ್ನು ಕಲಿತಳು.

ಆ ವರ್ಷದ ಮಹಾನವಮಿ ಬಂತು. ಕುರಿ ಹೊರಡುವ ಹಿಂದಿನ ದಿನ ಕರೆಮ್ಮ ಕಾರ್ಡು ಇಸಿದುಕೊಳ್ಳಲು ಬಂದಳು. ಗಬ್ಬೂರಿನಲ್ಲೂ ನರ್ಸಮ್ಮ ಇದ್ದಾಳೆ, ಅಲ್ಲಿ ತೂಗಿಸುತ್ತೇನೆ ಎಂದಳು. ಅನಸೂಯಾಬಾಯಿ ಕಾರ್ಡು ಹುಡುಕಿ ಕೊಟ್ಟಳು. ಮಗುವಿಗೆ ಹುರಿದ ಶೇಂಗಾ ಎಷ್ಟು, ಹಾಲು ಎಷ್ಟು ಎಂದು ಹೇಳಿದಳು. ಕರೆಮ್ಮ ತಲೆಯಾಡಿಸುತ್ತ ಕೇಳಿಸಿಕೊಂಡಳು. ಹೊಸ್ತಿಲು ದಾಟಿ, ಮತ್ತೆ ತಿರುಗಿ ನಿಂತಳು.

"ಈ ಸಲ ಬಿಟ್ಟು ಹೋಗು ಅನ್ನಲಿಲ್ಲ ನೀವು."

"ಇಲ್ಲ."

"ಛಲೋ ಮಾಡಿದ್ರಿ ಬಿಡ್ರಿ," ಎಂದಳು ಕರೆಮ್ಮ. "ಅಂದಿದ್ರ ನನಗ ಒಲ್ಲೆ ಅನ್ನಬೇಕಾಗ್ತಿತ್ತು."